ಅಬ್ಬೆ ದುಬಾಯ್

ಅಬ್ಬೆ ದುಬಾಯ್ (ಪೂರ್ಣ ಹೆಸರು ಝಾಂ-ಆಂತ್ವಾನ್ ದ್ಯುಬ್ವಾ, ಜನನ 1765 ಅಥವಾ 1766, ಮರಣ 17 ಫೆಬ್ರವರಿ 1848) ಫ್ರಾನ್ಸ್ ದೇಶದ ಕ್ಯಾಥೊಲಿಕ್ ಪಾದ್ರಿ ಹಾಗೂ ಲೇಖಕರು. 1792ರಿಂದ 1823ರವರೆಗೆ ದಕ್ಷಿಣ ಭಾರತದಲ್ಲಿದ್ದು, ಅದರಲ್ಲಿ ಬಹುಕಾಲವನ್ನು ಮೈಸೂರು ಸೀಮೆಯಲ್ಲಿ ಕಳೆದರು. ಹಿಂದೂಗಳ ಆಚಾರ, ನಡವಳಿಕೆ ಮತ್ತು ವಿಧಿಗಳನ್ನು ಕುರಿತು ಅವರು ಫ್ರೆಂಚ್ ಭಾಷೆಯಲ್ಲಿ ಬರೆದ ಗ್ರಂಥವು ಇಂಗ್ಲಿಷ್ ಅನುವಾದದ ಮೂಲಕ ಪ್ರಸಿದ್ಧವಾಯಿತು. ತಮಿಳು ಮತ್ತು ಕನ್ನಡವನ್ನು ಅಕ್ಷರವೂ ತಿಳಿಯದ ಸ್ಥಿತಿಯಿಂದ ಕಲಿತು, ಜನರ ನಡುವೆ ಅವರ ಉಡುಗೆ-ಊಟವನ್ನೇ ಅನುಸರಿಸಿ ಬಾಳಿದ ಯುರೋಪಿಯನ್ನರಲ್ಲಿ ಅವರೊಬ್ಬರು. ಮೈಸೂರು ಸೀಮೆಯ ಕ್ರೈಸ್ತರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು.

ಹೆಸರು

ಅವರ ಮನೆತನದ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಕಂಡ ಕನ್ನಡಿಗರು ಅದನ್ನು ದುಬಾಯ್, ದುಬೊಯಿಸ್, ದುಬಾಯಿ ಎಂದು ಹಲವು ಬಗೆಯಲ್ಲಿ ಬರೆದಿದ್ದಾರೆ. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನವನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ಆದುದರಿಂದ ಹೆಸರಿನ ಕೊನೆಯ ಸಕಾರ ಬರಹದಲ್ಲಿ ಮಾತ್ರ ಉಳಿದು, ಉಚ್ಚಾರಣೆ ದ್ಯುಬ್ವಾ ಎಂಬುದಕ್ಕೆ ಹತ್ತಿರವಾಗುತ್ತದೆ. ಅಬ್ಬೆ ಎಂಬುದು ಹೆಸರಲ್ಲ, ಫ್ರಾನ್ಸಿನಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವಪದ. ಅದರ ಮೂಲ ತಂದೆ ಎಂಬ ಅರ್ಥದ ಅರಮಾಯಿಕ್ ಪದ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ ಎಂಬುದು ಕೇವಲ ಆಕಸ್ಮಿಕ ಹೋಲಿಕೆ.

ಆರಂಭಿಕ ಜೀವನ

ದುಬಾಯ್ ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರದೇಶದ ಸಾಂ-ರಮೆಜ್ ಎಂಬ ಗ್ರಾಮದಲ್ಲಿ ಜನಿಸಿದರು. 1792ರಲ್ಲಿ ವಿವಿಯೇ ಧರ್ಮಪ್ರಾಂತ್ಯದಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಪರವಾಗಿ ಹಡಗು ಹತ್ತಿದರು. ಫ್ರಾನ್ಸಿನಲ್ಲಿ ಆಗ ಕ್ರಾಂತಿ ನಡೆಯುತ್ತಿತ್ತು. ಪಾದ್ರಿಗಳ ಮೇಲಿನ ಒತ್ತಡ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಮುಂದಿನ 31 ವರ್ಷ ಅವರು ಯುರೋಪಿಗೆ ಮರಳಲಿಲ್ಲ.

ಪುದುಚೇರಿಯಲ್ಲಿ ಇಳಿದ ಅವರಿಗೆ ಮೊದಲ ವರ್ಷಗಳ ಕೆಲಸ ದೊರೆತದ್ದು ಮದರಾಸು ಪ್ರಾಂತ್ಯದ ದಕ್ಷಿಣದ ಜಿಲ್ಲೆಗಳಲ್ಲಿ. ಅಲ್ಲಿನ ಭಾಷೆ ತಮಿಳು. ಬಿಳಿಯ ನಿಲುವಂಗಿ ಮತ್ತು ರುಮಾಲು ಧರಿಸಿ, ಮಾಂಸಾಹಾರ ಬಿಟ್ಟು, ನೆಲದ ಮೇಲೆ ಕುಳಿತು ಉಣ್ಣುವ ಪದ್ಧತಿಯನ್ನು ಅವರು ಬಹುಬೇಗ ರೂಢಿಸಿಕೊಂಡರು. ಇದು ಅವರೇ ಕಂಡುಹಿಡಿದ ದಾರಿಯಾಗಿರಲಿಲ್ಲ. ಅವರಿಗಿಂತ ಒಂದೂವರೆ ಶತಮಾನ ಹಿಂದೆಯೇ ಯೇಸುಸಭೆಯ ಪಾದ್ರಿಗಳು ಮಧುರೆಯಲ್ಲಿಯೂ ಮೈಸೂರಿನಲ್ಲಿಯೂ ಹೀಗೆ ಬದುಕಿದ್ದರು. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ದೊ ಚಿನ್ನಾಮಿ ಕನ್ನಡ ಕಲಿತು ಅದರ ವ್ಯಾಕರಣವನ್ನೂ ರಚಿಸಿದ್ದರು.

ಎರಡು ಭಾಷೆಗಳ ಗಡಿ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ ಮಡಿದ ಬಳಿಕ ಮೈಸೂರು ರಾಜ್ಯ ಹಂಚಿಹೋಯಿತು. ಕೊಯಮತ್ತೂರು ಸೀಮೆಯೊಡನೆ ಕೊಳ್ಳೇಗಾಲವೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1956ರವರೆಗೆ ಅದು ಕೊಯಮತ್ತೂರು ಜಿಲ್ಲೆಯಲ್ಲೇ ಉಳಿಯಿತು. ಪಕ್ಕದ ಯಳಂದೂರು ಮೈಸೂರಿನಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಒಂದೇ ಮಾತನಾಡುವ ನೆರೆಹೊರೆಯ ಊರುಗಳು ಎರಡು ಸರ್ಕಾರಗಳಿಗೆ ಸೇರಿದವು.

ದುಬಾಯ್ ಅವರು ತಮಿಳುನಾಡಿನಿಂದ ಮೈಸೂರಿಗೆ ಬಂದದ್ದು ಈ ಹಂಚಿಕೆಯ ಹೊತ್ತಿನಲ್ಲಿ. ಅಂದು ಕೆಳನಾಡಿನಿಂದ ಮೈಸೂರಿಗೆ ಏರಲು ಬಳಕೆಯಲ್ಲಿದ್ದ ಘಟ್ಟದ ದಾರಿಗಳಲ್ಲಿ ಸತ್ಯಮಂಗಲದ ಮೇಲಿನ ಗಜ್ಜಲಹಟ್ಟಿಯೂ ಕಾವೇರಿಪುರದ ಘಟ್ಟವೂ ಮುಖ್ಯವಾದವು. 1800ರಲ್ಲಿ ಕಂಪನಿಯ ಪರವಾಗಿ ದೇಶಸಂಚಾರ ಕೈಗೊಂಡ ಫ್ರಾನ್ಸಿಸ್ ಬುಕಾನನ್ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೂಲಕ ಸಾಗಿ ಕಾವೇರಿಪುರದ ಘಟ್ಟವನ್ನು ಇಳಿದರು. ಆ ದಾರಿಯುದ್ದಕ್ಕೂ ತಮಿಳು ಮತ್ತು ಕನ್ನಡ ಒಂದರೊಳಗೊಂದು ಬೆರೆಯುತ್ತವೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದಂತಹ ಊರುಗಳಲ್ಲಿ ಇಂದಿಗೂ ತಮಿಳು ಮನೆಮಾತಾಗಿರುವ ಕ್ಯಾಥೊಲಿಕರು ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುತ್ತಾರೆ.

ತಮಿಳು ಬಲ್ಲವರಿಗೆ ಕನ್ನಡ ಪೂರ್ತಿ ಹೊಸದಾಗಿ ತೋರುವುದಿಲ್ಲ. ವಾಕ್ಯದ ಕಟ್ಟು ಒಂದೇ, ವಿಭಕ್ತಿ ಪ್ರತ್ಯಯಗಳ ರೀತಿ ಒಂದೇ. ತಮಿಳಿನ ಪಾಲ್, ಪಳ್ಳಿ ಕನ್ನಡದಲ್ಲಿ ಹಾಲು, ಹಳ್ಳಿ ಆಗಿವೆ. ಪಕಾರ ಹಕಾರವಾಗುವ ಈ ಸೂತ್ರವೊಂದು ತಿಳಿದರೆ ನೂರಾರು ಪದಗಳು ತಾವಾಗಿ ಕೈವಶವಾಗುತ್ತವೆ. ಫ್ರೆಂಚ್ ಮಾತೃಭಾಷೆಯವರಿಗೆ ಆ ಹಕಾರವೇ ಒಂದು ತೊಡಕು. ಫ್ರೆಂಚಿನಲ್ಲಿ ಅದಕ್ಕೆ ಅಕ್ಷರವಿದೆ, ಧ್ವನಿಯಿಲ್ಲ.

ಭಾಷಾಕಲಿಕೆ

ದುಬಾಯ್ ಅವರು ಕನ್ನಡ ಕಲಿಯುವ ಕಾಲಕ್ಕೆ ಆ ಭಾಷೆಯಲ್ಲಿ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಪ್ರಕಟವಾದದ್ದು 1817ರಲ್ಲಿ. ಜಾನ್ ಮೆಕೆರೆಲ್ ಅವರದು ಮದರಾಸಿನಲ್ಲಿ 1820ರಲ್ಲಿ. ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಅಂದರೆ ದುಬಾಯ್ ಅವರು ದೇಶ ಬಿಟ್ಟ ಮರುವರ್ಷ. ಹಿಂದಿನ ಪಾದ್ರಿಗಳ ಕೈಬರಹದ ಪುಸ್ತಕಗಳನ್ನು ಬಿಟ್ಟರೆ ಜನರ ಮಾತೇ ಪಾಠವಾಗಬೇಕಿತ್ತು. ಜನರೊಡನೆ ಒಂದಾಗಿ ಬಾಳದೆ ಅವರನ್ನು ಅರಿಯಲಾಗದು ಎಂಬ ನಂಬಿಕೆಯನ್ನು ಅವರು ತಮ್ಮ ಗ್ರಂಥದ ಮುನ್ನುಡಿಯಲ್ಲಿ ಸ್ಪಷ್ಟಪಡಿಸಿದ್ದಾರೆ.

ಫ್ರೆಂಚ್ ಮತ್ತು ಕನ್ನಡಗಳ ನಡುವಿನ ದೂರವನ್ನು ಕೆಲವು ಅಂಶಗಳಿಂದ ತಿಳಿಯಬಹುದು. ಕಲಿಯುವವರು ಯಾವ ಕಡೆಯಿಂದ ಹೊರಟರೂ ಮೊದಲ ತಿಂಗಳಲ್ಲೇ ಇವು ಎದುರಾಗುತ್ತವೆ. ಫ್ರೆಂಚಿನ ತಕಾರ, ದಕಾರಗಳು ಕನ್ನಡದಂತೆಯೇ ದಂತ್ಯಗಳಾದ್ದರಿಂದ ಅವು ಕಷ್ಟವಲ್ಲ. ಆದರೆ ಟ, ಡ, ಣ, ಳ ಎಂಬ ಮೂರ್ಧನ್ಯಗಳು ಫ್ರೆಂಚಿನಲ್ಲಿ ಇಲ್ಲ. ಸ್ವರದ ಹ್ರಸ್ವ-ದೀರ್ಘ ಭೇದದಿಂದ ಅಲ್ಲಿ ಅರ್ಥ ಬದಲಾಗುವುದಿಲ್ಲ. ಕನ್ನಡದಲ್ಲಿ ಬಿಡು ಮತ್ತು ಬೀಡು ಬೇರೆ ಬೇರೆ. ಇತ್ತ ಕನ್ನಡಿಗರಿಗೆ ಫ್ರೆಂಚಿನ ಮೂಗಿನ ಸ್ವರಗಳು ಹೊಸವು. ಮನೆ ಎಂಬ ಅರ್ಥದ ಮೆಝೋಂ ಎಂಬ ಪದದ ಕೊನೆಯಲ್ಲಿ ಅನುಸ್ವಾರವನ್ನು ಬರೆಯುತ್ತೇವಾದರೂ ತುಟಿ ಮುಚ್ಚಿ ಮಕಾರವನ್ನು ಉಚ್ಚರಿಸುವಂತಿಲ್ಲ.

ಪದಕ್ರಮದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ನಾನು ಮನೆಗೆ ಹೋಗುತ್ತೇನೆ ಎಂಬ ವಾಕ್ಯ ಫ್ರೆಂಚಿನಲ್ಲಿ ಝ ವೇ ಅ ಲಾ ಮೆಝೋಂ ಎಂದಾಗುತ್ತದೆ: ಮೊದಲು ನಾನು, ಅನಂತರ ಹೋಗುವ ಕ್ರಿಯೆ, ಬಳಿಕ ಚತುರ್ಥಿಯ ಅರ್ಥ ಕೊಡುವ ಬಿಡಿಪದ, ಕೊನೆಗೆ ಮನೆ. ಕನ್ನಡದಲ್ಲಿ ನಾಮಪದದ ಬಾಲಕ್ಕೆ ಅಂಟುವ ಗೆ ಪ್ರತ್ಯಯದ ಕೆಲಸವನ್ನು ಅಲ್ಲಿ ನಾಮಪದದ ಹಿಂದೆ ನಿಲ್ಲುವ ಅ ಎಂಬ ಪದ ಮಾಡುತ್ತದೆ. ಲಿಂಗದ ವಿಷಯದಲ್ಲಿ ಕನ್ನಡವೇ ಸುಲಭ. ಮನೆ, ಪುಸ್ತಕ, ಮೇಜು ಎಲ್ಲವೂ ಕನ್ನಡದಲ್ಲಿ ನಪುಂಸಕ. ಫ್ರೆಂಚಿನಲ್ಲಿ ಮನೆಯೂ ಮೇಜೂ ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದಕ್ಕೆ ಕಾರಣ ಹುಡುಕದೆ ಪದದೊಡನೆ ಲಿಂಗವನ್ನೂ ಬಾಯಿಪಾಠ ಮಾಡಬೇಕು. ಸಂಖ್ಯೆಗಳಲ್ಲಿಯೂ ಹಾಗೆಯೇ: ಫ್ರಾನ್ಸಿನ ಫ್ರೆಂಚಿನಲ್ಲಿ 70 ಎನ್ನಲು ಅರವತ್ತು-ಹತ್ತು ಎಂದೂ 80 ಎನ್ನಲು ನಾಲ್ಕು-ಇಪ್ಪತ್ತು ಎಂದೂ ಹೇಳುತ್ತಾರೆ. ಎರಡೂ ಭಾಷೆಗಳು ಹೊಂದಿಕೊಳ್ಳುವುದು ಸಂಬೋಧನೆಯಲ್ಲಿ. ನೀನು ಮತ್ತು ನೀವು ಎಂಬ ಭೇದಕ್ಕೆ ಸರಿಯಾಗಿ ಫ್ರೆಂಚಿನಲ್ಲಿ ತ್ಯು ಮತ್ತು ವು ಇವೆ.

ಮೈಸೂರು ಸೀಮೆಯಲ್ಲಿ

ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಮಾತು ಅಪರಿಚಿತವಾಗಿರಲಿಲ್ಲ. ಹೈದರಾಲಿ ಮತ್ತು ಟಿಪ್ಪು ಇಬ್ಬರ ಸೇನೆಯಲ್ಲಿಯೂ ಫ್ರೆಂಚ್ ಸೈನಿಕರಿದ್ದರು. ಅವರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು (ಇಂದಿನ ಪಾಂಡವಪುರ). ಟಿಪ್ಪು 1787ರಲ್ಲಿ 16ನೆಯ ಲೂಯಿಯ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳುಹಿಸಿದ್ದ. ಆದರೆ ಆ ಸಂಪರ್ಕವೆಲ್ಲ ದುಭಾಷಿಗಳ ಮೂಲಕ ನಡೆದುದು. ದುಬಾಯ್ ಅವರು ಬರುವ ವೇಳೆಗೆ ಕೋಟೆ ಇಂಗ್ಲಿಷರದಾಗಿತ್ತು, ಇಂಗ್ಲೆಂಡು ಫ್ರಾನ್ಸಿನೊಡನೆ ಯುದ್ಧದಲ್ಲಿತ್ತು. ಅಂತಹ ಸಮಯದಲ್ಲಿ ಫ್ರೆಂಚ್ ಪ್ರಜೆಯೊಬ್ಬರನ್ನು ಮೈಸೂರಿನಲ್ಲಿ ಸಂಚರಿಸಲು ಬಿಟ್ಟದ್ದು ಗಮನಿಸತಕ್ಕ ಸಂಗತಿ. ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನಿಂದಲೇ ಅವರಿಗೆ ಆಹ್ವಾನ ಬಂದಿತೆಂಬ ಹೇಳಿಕೆಯಿದೆ.

ಅವರ ಮುಂದಿದ್ದ ಕೆಲಸ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸುವುದು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕೊಂಕಣಿ ಮಾತಿನ ಕ್ಯಾಥೊಲಿಕರಲ್ಲಿ ಉಳಿದವರು, ಬಲವಂತದ ಮತಾಂತರಕ್ಕೆ ಒಳಗಾಗಿ ಹಿಂದಿರುಗಲು ಬಯಸಿದವರು, ಕನ್ನಡ ಮತ್ತು ತಮಿಳು ಮಾತಿನ ಹಳೆಯ ಕ್ರೈಸ್ತ ಕುಟುಂಬಗಳು, ಹೀಗೆ ಹಲವು ಬಗೆಯ ಜನ ಅದರಲ್ಲಿದ್ದರು. ಶ್ರೀರಂಗಪಟ್ಟಣದ ಗಂಜಾಮಿನ ಇಗರ್ಜಿ ಇಂದಿಗೂ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಬಡ ಕುಟುಂಬಗಳಿಗೆ ಜೀವನೋಪಾಯ ಕಲ್ಪಿಸಲು ಹಾಸನದ ಸಮೀಪದ ಸಾತಳ್ಳಿಯೇ ಮೊದಲಾದೆಡೆ ಒಕ್ಕಲುತನದ ನೆಲೆಗಳನ್ನು ಏರ್ಪಡಿಸಿದರು.

ಸಿಡುಬಿನ ವಿರುದ್ಧ

ಎಡ್ವರ್ಡ್ ಜೆನ್ನರ್ ಅವರ ಗೋಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ತಲುಪಿತು. ಅಂದಿನ ವಿಧಾನದಲ್ಲಿ ಲಸಿಕೆ ಹಾಕಿಸಿಕೊಂಡ ಒಬ್ಬರ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಬ್ಬರ ತೋಳಿಗೆ ಚುಚ್ಚಬೇಕಿತ್ತು. ಸರಪಣಿ ಕಡಿದರೆ ಲಸಿಕೆ ಮುಗಿಯುತ್ತಿತ್ತು. ಜಾತಿಯ ಕಟ್ಟುಪಾಡುಗಳಿದ್ದ ಸಮಾಜದಲ್ಲಿ ಒಬ್ಬರ ಮೈಯ ದ್ರವವನ್ನು ಮತ್ತೊಬ್ಬರು ಒಪ್ಪುವುದು ಸುಲಭವಲ್ಲ. ಸಿಡುಬು ಮಾರಮ್ಮನ ಬರವು ಎಂಬ ಭಾವನೆಯೂ ಊರೂರಲ್ಲಿ ಗಟ್ಟಿಯಾಗಿತ್ತು.

ಮೈಸೂರು ಸಂಸ್ಥಾನದಲ್ಲಿ ಲಸಿಕೆಯನ್ನು ಹರಡಲು ಶ್ರಮಿಸಿದವರಲ್ಲಿ ದುಬಾಯ್ ಅವರೂ ಒಬ್ಬರು. 1803-04ರಲ್ಲಿ 25,432 ಜನರಿಗೆ ಲಸಿಕೆ ಹಾಕಿ ದಾಖಲಿಸಲಾಯಿತೆಂದು ಅವರ ಗ್ರಂಥದ ಸಂಪಾದಕ ಬೋಷಾಂ ತಿಳಿಸುತ್ತಾರೆ. ಅದೇ ಕಾಲದಲ್ಲಿ ಮೈಸೂರು ಅರಮನೆಯೂ ಲಸಿಕೆಗೆ ಬೆಂಬಲವಾಗಿತ್ತು. ಆದರೂ ಹಳ್ಳಿಯ ತಾಯಂದಿರ ಮುಂದೆ ಕುಳಿತು ಅವರ ಮಾತಿನಲ್ಲೇ ವಿವರಿಸಬಲ್ಲವರಿಲ್ಲದೆ ಇಷ್ಟು ದೊಡ್ಡ ಸಂಖ್ಯೆ ಸಾಧ್ಯವಾಗುತ್ತಿರಲಿಲ್ಲ. ಅವರ ಕನ್ನಡ ಅತ್ಯಂತ ಉಪಯೋಗಕ್ಕೆ ಬಂದದ್ದು ಬಹುಶಃ ಇಲ್ಲಿಯೇ.

ಗ್ರಂಥ

ಜನರ ನಡುವೆ ಕಂಡುದನ್ನೂ ಕೇಳಿದುದನ್ನೂ ದುಬಾಯ್ ಅವರು ಫ್ರೆಂಚಿನಲ್ಲಿ ಬರೆದಿಡುತ್ತ ಬಂದರು. ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳುಹಿಸಿದರು. ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಅವರ ಕಾಲದಲ್ಲಿ, 1807ರಲ್ಲಿ, ಕಂಪನಿ ಸರ್ಕಾರ ಅದನ್ನು 2,000 ವರಹಗಳಿಗೆ ಕೊಂಡುಕೊಂಡಿತು. ಆಳಬೇಕಾದ ಜನರ ರೀತಿನೀತಿ ಅಧಿಕಾರಿಗಳಿಗೆ ತಿಳಿಯಲಿ ಎಂಬುದೇ ಖರೀದಿಯ ಉದ್ದೇಶ. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಲೇಖಕರು ಈ ನಡುವೆ ಮೂಲವನ್ನು ಬಹಳಷ್ಟು ತಿದ್ದಿ ಬೆಳೆಸಿದ್ದರೂ ಆ ತಿದ್ದುಪಡಿಗಳು ಅದರಲ್ಲಿ ಸೇರಲಿಲ್ಲ. ಪೂರ್ಣ ಫ್ರೆಂಚ್ ಪಾಠ ಎರಡು ಸಂಪುಟಗಳಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು 1825ರಲ್ಲಿ. ಪರಿಷ್ಕೃತ ಪಾಠವನ್ನು ಆಧರಿಸಿ ಹೆನ್ರಿ ಬೋಷಾಂ ಮಾಡಿದ ಇಂಗ್ಲಿಷ್ ಅನುವಾದ 1897ರಲ್ಲಿ ಆಕ್ಸ್‌ಫರ್ಡಿನಿಂದ ಬಂದಿತು. ಅದಕ್ಕೆ ಮ್ಯಾಕ್ಸ್ ಮುಲ್ಲರ್ ಮುನ್ನುಡಿ ಬರೆದರು. ಇಂದು ಓದುಗರ ಕೈಯಲ್ಲಿರುವುದು ಹೆಚ್ಚಾಗಿ ಈ ಆವೃತ್ತಿಯೇ.

ಗ್ರಂಥದ ಬಹುಭಾಗ ಬ್ರಾಹ್ಮಣರ ನಿತ್ಯಕರ್ಮ, ಸಂಸ್ಕಾರ, ಮದುವೆ, ಉತ್ತರಕ್ರಿಯೆಗಳನ್ನು ಕುರಿತದ್ದು. ಊಟ, ಉಡುಗೆ, ಸೂತಕ, ಶಿಷ್ಟಾಚಾರಗಳ ವಿವರಣೆ ಸೂಕ್ಷ್ಮವಾಗಿದೆ. ಜಾತಿವ್ಯವಸ್ಥೆಯನ್ನು ಅವರು ಸಮಾಜವನ್ನು ಅನಾಗರಿಕತೆಯಿಂದ ಕಾಪಾಡಿದ ಏರ್ಪಾಡೆಂದು ಹೊಗಳುತ್ತಾರೆ; ಪುರೋಹಿತವರ್ಗವನ್ನು ಮಾತ್ರ ಕಟುವಾಗಿ ಜರೆಯುತ್ತಾರೆ. ಎರಡು ನಿಲುವುಗಳೂ ಇಂದಿನ ಓದುಗರಿಗೆ ಒಪ್ಪಿಗೆಯಾಗುವಂಥವಲ್ಲ. ಕೆಳಜಾತಿಗಳ ಬಗೆಗಿನ ಅಧ್ಯಾಯಗಳಲ್ಲಿ ಕನಿಕರವೂ ತಾತ್ಸಾರವೂ ಬೆರೆತಿವೆ. ಕೊಳ್ಳೇಗಾಲ-ಹನೂರು ಭಾಗದಲ್ಲಿ ಕಂಸಾಳೆಯವರೂ ನೀಲಗಾರರೂ ಹಾಡುತ್ತ ಬಂದ ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳಂತಹ ಮೌಖಿಕ ಸಂಪತ್ತು ವಿದ್ವಾಂಸರ ಗಮನಕ್ಕೆ ಬಂದು ಬರಹಕ್ಕಿಳಿಯಲು 20ನೆಯ ಶತಮಾನವೇ ಬರಬೇಕಾಯಿತು.

ಕರ್ತೃತ್ವದ ಪ್ರಶ್ನೆ

ತಮ್ಮ ಗ್ರಂಥ ಸ್ವಂತ ಅನುಭವದ ಫಲವೆಂದು ದುಬಾಯ್ ಅವರು ಓದುಗರನ್ನು ನಂಬಿಸಿದ್ದರು. ಸುಮಾರು 170 ವರ್ಷ ಅದನ್ನು ಯಾರೂ ಬಲವಾಗಿ ಪ್ರಶ್ನಿಸಲಿಲ್ಲ. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು 1777ರ ಹಸ್ತಪ್ರತಿಯೊಂದನ್ನು ಪ್ರಕಟಿಸಿದರು. ಲಂಡನ್ನಿನಲ್ಲಿದ್ದ ಆ ಪ್ರತಿ ದೆವೋ ಎಂಬ ಫ್ರೆಂಚ್ ಸೇನಾಧಿಕಾರಿಯ ಹೆಸರಿನಲ್ಲಿತ್ತು. ಅದರ ಮೂಲ ಲೇಖಕರು ಯೇಸುಸಭೆಯ ಗಾಸ್ತೋಂ-ಲೋರಾಂ ಕೂರ್ದೂ (1691–1779) ಎಂದು ಮುರ್ ತೋರಿಸಿದರು. ದುಬಾಯ್ ಅವರ ಗ್ರಂಥದ ಬಹುಭಾಗ ಆ ಬರಹವನ್ನೇ ಆಧರಿಸಿದೆ ಎಂಬುದು ಹೋಲಿಕೆಯಿಂದ ಹೊರಬಿದ್ದಿತು.

ಕೂರ್ದೂ ಸಾಮಾನ್ಯರಲ್ಲ. ತೆಲುಗು ನಾಡಿನಲ್ಲಿ ಬಹುಕಾಲವಿದ್ದು ನಿಘಂಟು ರಚನೆಯಲ್ಲಿ ತೊಡಗಿದ್ದ ಅವರು, ಸಂಸ್ಕೃತವು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಗೆ ನಂಟು ಎಂಬುದನ್ನು 1767ರಲ್ಲಿಯೇ, ವಿಲಿಯಂ ಜೋನ್ಸ್ ಅವರಿಗಿಂತ ಸುಮಾರು ಎರಡು ದಶಕ ಮೊದಲೇ, ಪ್ಯಾರಿಸ್ಸಿನ ವಿದ್ವತ್ಸಭೆಗೆ ಬರೆದು ತಿಳಿಸಿದ್ದರು. 1773ರಲ್ಲಿ ಯೇಸುಸಭೆ ರದ್ದಾಗಿ, ಅದರ ಕರ್ನಾಟಿಕ್ ಮಿಷನ್ನು 1776ರಲ್ಲಿ ಪ್ಯಾರಿಸ್ ಸಂಘದ ವಶಕ್ಕೆ ಬಂದಿತು. ದುಬಾಯ್ ಅವರು ಸೇರಿದ್ದು ಇದೇ ಸಂಘವನ್ನು. ಕೂರ್ದೂ ಅವರ ಹೆಸರನ್ನು ಮಾತ್ರ ಅವರು ಎಲ್ಲಿಯೂ ಋಣವೆಂದು ಸ್ಮರಿಸಲಿಲ್ಲ.

ಇದರಿಂದ ಗ್ರಂಥವನ್ನು ಓದುವ ರೀತಿ ಬದಲಾಯಿತು. 1800ರ ಹೊತ್ತಿನ ಮೈಸೂರಿನ ಚಿತ್ರವೆಂದು ಇತಿಹಾಸಕಾರರು ಬಳಸುತ್ತಿದ್ದ ಹಲವು ಪುಟಗಳು ನಿಜವಾಗಿ 18ನೆಯ ಶತಮಾನದ ನಡುಭಾಗದವು, ಅದೂ ತೆಲುಗು ಮತ್ತು ತಮಿಳು ನಾಡುಗಳಿಗೆ ಸಂಬಂಧಿಸಿದವು. ದುಬಾಯ್ ಅವರೇ ಸೇರಿಸಿದ, ಮೈಸೂರಿಗೆ ಸಂಬಂಧಿಸಿದ ಸಂಗತಿಗಳು ಇವುಗಳ ನಡುವೆ ಹುದುಗಿವೆ. ಹಲವು ಜನಪ್ರಿಯ ಪರಿಚಯಗಳು ಈ ಶೋಧವನ್ನು ಇನ್ನೂ ಗಣನೆಗೆ ತೆಗೆದುಕೊಂಡಿಲ್ಲ.

ಪಂಚತಂತ್ರ

1826ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಪಂಚತಂತ್ರದ ಫ್ರೆಂಚ್ ಅನುವಾದ ಅವರ ಭಾಷಾಜ್ಞಾನಕ್ಕೆ ನೇರ ಸಾಕ್ಷಿ. ಇದಕ್ಕೆ ಅವರು ಸಂಸ್ಕೃತ ಮೂಲವನ್ನು ಆಶ್ರಯಿಸಲಿಲ್ಲ. ತಮಿಳು, ತೆಲುಗು, ಕನ್ನಡ ಈ ಮೂರು ಭಾಷೆಗಳ ಪ್ರತಿಗಳನ್ನು ಇಟ್ಟುಕೊಂಡು ಕಥೆಗಳನ್ನು ಆರಿಸಿ ಅನುವಾದಿಸಿದರು. ಅದರೊಡನೆ ತಮಿಳಿನ ಪರಮಾರ್ಥ ಗುರುವಿನ ಕಥೆಯನ್ನೂ ಸೇರಿಸಿದರು. ದಕ್ಷಿಣದಲ್ಲಿ ಜನ ಓದುತ್ತಿದ್ದ ಪಂಚತಂತ್ರದ ರೂಪ ಫ್ರೆಂಚ್ ಓದುಗರಿಗೆ ದೊರೆತದ್ದು ಹೀಗೆ. ಕನ್ನಡದ ಪ್ರತಿಯೊಂದು ಫ್ರೆಂಚ್ ಪುಸ್ತಕಕ್ಕೆ ಆಧಾರವಾದ ಬಹು ಮುಂಚಿನ ನಿದರ್ಶನವಿದು. ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಹಿಂದಿರುಗಿದ ಬಳಿಕ

1823ರ ಜನವರಿ 15ರಂದು ದುಬಾಯ್ ಅವರು ಭಾರತವನ್ನು ಬಿಟ್ಟರು. ಪ್ರಯಾಣದ ವೆಚ್ಚವನ್ನು ಕಂಪನಿಯೇ ಭರಿಸಿ ನಿವೃತ್ತಿವೇತನವನ್ನೂ ಗೊತ್ತುಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಇಂಗ್ಲಿಷಿನಲ್ಲಿ ಪ್ರಕಟವಾದವು. ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಫಲಿಸದು ಎಂಬುದು ಅವುಗಳ ತಿರುಳು. ಮೂವತ್ತು ವರ್ಷ ಅದೇ ಕೆಲಸದಲ್ಲಿದ್ದವರಿಂದ ಈ ಮಾತು ಬಂದದ್ದು ಇಂಗ್ಲೆಂಡಿನ ಮಿಷನರಿ ವಲಯವನ್ನು ಕೆರಳಿಸಿತು. 1824ರಲ್ಲಿ ಜೇಮ್ಸ್ ಹೌ ಮತ್ತು ಹೆನ್ರಿ ಟೌನ್ಲಿ ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ಆ ಪತ್ರಗಳಲ್ಲಿ ಬೈಬಲ್ಲಿನ ಭಾರತೀಯ ಭಾಷಾನುವಾದಗಳ ಮೇಲೆ ಮಾಡಿದ ಟೀಕೆ ತೀಕ್ಷ್ಣವಾದದ್ದು. ಭಾಷೆಯ ಜಾಡು ತಿಳಿಯದೆ ಪದಕ್ಕೆ ಪದವಿಟ್ಟು ಮಾಡಿದ ಅನುವಾದ ಓದುವವರ ನಗೆಗೀಡಾಗುತ್ತದೆ. ಗ್ರಂಥದ ಗೌರವವನ್ನೇ ಕಳೆಯುತ್ತದೆ ಎಂದು ಅವರು ವಾದಿಸಿದರು. ಎದುರಾಳಿಗಳು ಇದನ್ನು ಕ್ಯಾಥೊಲಿಕ್ ಪಾದ್ರಿಯ ಅಸಹನೆಯೆಂದು ತಳ್ಳಿಹಾಕಿದರು. ಆದರೆ ಅಂದಿನ ತರಾತುರಿಯ ಅನುವಾದಗಳನ್ನು ಮುಂದಿನ ತಲೆಮಾರಿನ ಮಿಷನರಿಗಳೇ ಮತ್ತೆ ಮತ್ತೆ ತಿದ್ದಬೇಕಾಯಿತು.

ಪ್ಯಾರಿಸ್ಸಿನಲ್ಲಿ ಅವರು ತಮ್ಮ ಸಂಘದ ಗುರುಮಠದ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. 1848ರ ಫೆಬ್ರವರಿ 17ರಂದು ಅಲ್ಲಿಯೇ ನಿಧನರಾದರು.

ಅವರ ನಂತರ ಮೈಸೂರಿಗೆ ಬಂದ ಫ್ರೆಂಚ್ ಪಾದ್ರಿಗಳು ಬೆಂಗಳೂರಿನಲ್ಲಿ ಮುದ್ರಣಾಲಯ ಸ್ಥಾಪಿಸಿದರು. ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿಯೂ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿಯೂ ಅಲ್ಲಿ ಅಚ್ಚಾದವು.